ಕುರುಗೋಡಿನ ದಾರಿಯಲ್ಲಿ ಬೈಸಿಕಲ್ ಸಂಚಾರ

ಚರಿತ್ರೆಯನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ, ನೆಲದ ಮೇಲೆ ಓದುವುದು ಇನ್ನೊಂದು ಬಗೆ. ಎರಡನೆಯ ಬಗೆಯನ್ನು ಆರಿಸಿಕೊಂಡವರು ಮೊದಲು ತಮ್ಮ ವೇಗವನ್ನು ನಿಶ್ಚಯಿಸಿಕೊಳ್ಳಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ರೈಲಿನಲ್ಲಿ ಹೋಗುವವರಿಗೆ ಕಾಣುವುದು ಎರೆಯ ಹೊಲ, ಬೋಳು ಗುಡ್ಡ, ಮತ್ತೆ ಎರೆಯ ಹೊಲ. ಮೋಟಾರಿನವರ ಕಣ್ಣು ಹಂಪೆಯೊಂದರ ಮೇಲೆಯೇ ನೆಟ್ಟಿರುತ್ತದೆ. ನಡುವೆ ಬರುವ ಊರುಗಳು ಅವರಿಗೆ ಧೂಳಿನ ಹೆಸರುಗಳು ಮಾತ್ರ. ಕಾಲುನಡಿಗೆಯಾದರೋ ಶ್ರೇಷ್ಠವೇ ಸರಿ, ಆದರೆ ಈ ಸೀಮೆಯ ಬಿಸಿಲು ಅದಕ್ಕೆ ಬಹುಬೇಗ ಮಿತಿಯನ್ನು ಹಾಕಿಬಿಡುತ್ತದೆ. ಹೀಗಿರುವಲ್ಲಿ ಬೈಸಿಕಲ್ಲು ಒಂದು ಮಧ್ಯಮ ಮಾರ್ಗ. ಕಲ್ಲು ಕಂಡಲ್ಲಿ ಇಳಿಯಬಹುದು. ಹೊಲದ ಬದುವಿನ ಮೇಲೆ ತಳ್ಳಿಕೊಂಡು ಹೋಗಬಹುದು. ಸಂಜೆಯ ಹೊತ್ತಿಗೆ ಊರನ್ನೂ ಸೇರಬಹುದು.

ಈ ವಾಹನವೇನೂ ಬಹು ಪುರಾತನವಾದುದಲ್ಲ. ಎರಡು ಸಮನಾದ ಚಕ್ರಗಳ, ಸರಪಳಿಯಿಂದ ಓಡುವ ಬೈಸಿಕಲ್ಲನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟಾರ್ಲಿ ಎಂಬವನು 1885ರಲ್ಲಿ ಮಾಡಿದನು. ಗಾಳಿ ತುಂಬಿದ ಟೈರನ್ನು ಡನ್‌ಲಪ್ಪನು 1888ರಲ್ಲಿ ತಂದನು. ನಾಲ್ಕು ದಶಕಗಳು ಕಳೆಯುವುದರೊಳಗೆ ನಮ್ಮ ದೇಶದವರೇ ಅದರ ಮೇಲೆ ಭೂಮಂಡಲವನ್ನು ಸುತ್ತಿ ಬಂದರು. 1923ರಲ್ಲಿ ಮುಂಬಯಿಯಿಂದ ಹೊರಟ ಆರು ಮಂದಿ ಪಾರ್ಸಿ ತರುಣರಲ್ಲಿ ಹಕೀಂ, ಬಾಪಾಸೋಲಾ, ಭೂಮಗರಾ ಎಂಬ ಮೂವರು ಪ್ರಯಾಣವನ್ನು ಪೂರೈಸಿ 1928ರಲ್ಲಿ ಮರಳಿದರು. ನಾವು ಹೇಳಹೊರಟಿರುವುದು ಅಂಥ ಸಾಹಸವಲ್ಲ. ಬಳ್ಳಾರಿಯಿಂದ ಕುರುಗೋಡಿಗೆ ಹದಿನೇಳು ಹದಿನೆಂಟು ಮೈಲಿ. ಅಲ್ಲಿಂದ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋದರೆ ಎರಡು ದಿನದ ನಿಧಾನವಾದ ಸಂಚಾರ. ಸಹಸ್ರಾರು ವರ್ಷಗಳ ಚರಿತ್ರೆ ಇಷ್ಟು ಕಡಮೆ ದೂರದಲ್ಲಿ ಹರಡಿರುವುದು ಅಪರೂಪ.

ಕಾಲವನ್ನು ಮಾತ್ರ ನೋಡಿಕೊಂಡು ಹೊರಡಬೇಕು. ಮುಂಗಾರಿನಲ್ಲಿ ಪಡುವಣ ಗಾಳಿ ಎದೆಗೆ ಹೊಡೆಯುತ್ತದೆ. ಮಳೆ ಬಿದ್ದರಂತೂ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದು. ಮಾರ್ಗಶಿರ ಪುಷ್ಯಗಳು ಹಿತವಾದ ಮಾಸಗಳು. ಇನ್ನೊಂದು ಶತ್ರು ಮುಳ್ಳು. ಅಮೆರಿಕಾ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದ ಗಿಡವೊಂದಕ್ಕೆ ನಮ್ಮವರು ‘ಬಳ್ಳಾರಿ ಜಾಲಿ’ ಎಂದೇ ಹೆಸರಿಟ್ಟಿದ್ದಾರೆ. ಆ ಹೆಸರು ಎಷ್ಟು ಸಾರ್ಥಕವಾದುದೆಂಬುದನ್ನು ಟ್ಯೂಬಿಗೆ ಮೂರನೆಯ ತೇಪೆ ಹಾಕುವಾಗ ನಾವು ಚೆನ್ನಾಗಿ ಮನಗಂಡೆವು.

ಬಳ್ಳಾರಿಯನ್ನು ಬಿಡುವ ಮೊದಲು ಅಲ್ಲಿಯ ಎರಡು ಗುಡ್ಡಗಳನ್ನು ದೂರದಿಂದಲೇ ಹೋಲಿಸಿ ನೋಡಬೇಕು. ಒಂದರ ಮೇಲೆ ಕೋಟೆ. ಇನ್ನೊಂದು ಕುಂಬಾರ ಗುಡ್ಡ. ಹೈದರಾಲಿಯ ಕಾಲದಲ್ಲಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನು, ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸದೆ ಹೋದನಂತೆ; ಆ ತಪ್ಪಿಗಾಗಿ ಅವನನ್ನು ಕೋಟೆಯ ಬಾಗಿಲಲ್ಲಿಯೇ ನೇಣು ಹಾಕಿದರಂತೆ. ಇದು ಜನರ ಬಾಯಲ್ಲಿ ಉಳಿದಿರುವ ಕಥೆ. ನಿಜವೋ ಸುಳ್ಳೋ, ಗುಡ್ಡಗಳನ್ನು ಕಂಡಮೇಲೆ ಅದನ್ನು ಕಟ್ಟಿದವರ ಕಣ್ಣಳತೆಯನ್ನು ಮೆಚ್ಚದಿರಲಾಗದು.

ಪಟ್ಟಣದ ಈಶಾನ್ಯಕ್ಕೆ ಕೆಲವೇ ಮೈಲಿಗಳಲ್ಲಿ ಸಂಗನಕಲ್ಲು, ಕಪ್ಪಗಲ್ಲು. ಕುರುಗೋಡಿನ ನೇರ ದಾರಿಯಿಂದ ಇದು ತುಸು ಹೊರಗಾದರೂ ಬಿಡಬಾರದ ಸ್ಥಳ. ಇಲ್ಲಿಯ ಹಿರೇಗುಡ್ಡದಲ್ಲಿ ಬೆಣಚುಗಲ್ಲಿನ ನಡುವೆ ಕರಿಯ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ನವಶಿಲಾಯುಗದ ಜನ ಈ ಕರಿಗಲ್ಲಿನಿಂದ ಕೊಡಲಿಗಳನ್ನು ಮಾಡಿದರು. ಒಡೆದ ಚಕ್ಕೆಗಳು ರಾಶಿರಾಶಿಯಾಗಿ ಬಿದ್ದಿದ್ದವು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫುಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿದನು. ಮುಂದೆ ಸುಬ್ಬರಾಯರು ಇಲ್ಲಿ ಅಗೆದು ಶೋಧಿಸಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು 1948ರಲ್ಲಿ ಹೊರತಂದರು. ಕರಿಯ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಹೆಚ್ಚಿನವು ಇಣಿಯೂ ಉದ್ದ ಕೊಂಬೂ ಉಳ್ಳ ದನಗಳು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಅಲ್ಲಲ್ಲಿ ತಟ್ಟಿ ತಟ್ಟಿ ಸವೆದ ಗುಳಿಗಳೂ ಇವೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಕುಳಿತು ಕಲ್ಲಿನ ಸಂಗೀತವನ್ನು ಕೇಳುತ್ತಿದ್ದವರು ಯಾರೋ!

ಈ ಗುಡ್ಡದಲ್ಲಿ ಕಲ್ಲು ಒಡೆಯುವ ಗಣಿಗಾರಿಕೆಯೂ ನಡೆದುಹೋಯಿತು. ಚಿತ್ರವಿದ್ದ ಬಂಡೆಗಳೂ ಅದರ ಬಾಯಿಗೆ ಬಿದ್ದವು. ರಸ್ತೆಗೆ ಜಲ್ಲಿ ಬೇಕು, ಮನೆಗೆ ಕಲ್ಲು ಬೇಕು, ಒಡೆಯುವವನಿಗೆ ಕೂಲಿ ಬೇಕು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಲ್ಲಿಯನ್ನು ಬೇರೆ ಗುಡ್ಡದಿಂದಲೂ ತರಬಹುದು. ಆ ದನದ ಚಿತ್ರವನ್ನು ಇನ್ನೆಲ್ಲಿಂದ ತರುವುದು? ಬಳ್ಳಾರಿಯ ಸಂಗ್ರಹಾಲಯವೊಂದಕ್ಕೆ ಈಗ ಫುಟ್ಟನ ಮತ್ತು ಸಂಗನಕಲ್ಲಿನ ಹೆಸರನ್ನು ಇಟ್ಟಿದ್ದಾರೆ, ಸಂತೋಷವೇ. ಗುಡ್ಡವೂ ಉಳಿದರೆ ಇನ್ನೂ ಸಂತೋಷ.

ದನಗಳ ಮಾತು ಬಂದಮೇಲೆ ಬೂದಿದಿಬ್ಬಗಳನ್ನು ಹೇಳಲೇಬೇಕು. ಕುಡತಿನಿಯ ಬಳಿಯ ಬೂದಿದಿಬ್ಬ ಬಹು ಪ್ರಸಿದ್ಧವಾದುದು. ಹಂಪೆಯ ಬಳಿ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆನ್ನುತ್ತಾರೆ. ವಿದ್ವಾಂಸರು ನೂರು ವರ್ಷ ವಾದಿಸಿದರು. ಕೊನೆಗೆ 1957ರಲ್ಲಿ ಆಲ್ಚಿನ್ ಎಂಬ ಸಂಶೋಧಕನು ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ದೊರೆತವು. ಇವು ಹಟ್ಟಿಗಳು, ಸಗಣಿ ಶೇಖರವಾಗಿ, ಮತ್ತೆ ಮತ್ತೆ ಸುಡಲ್ಪಟ್ಟು, ದಿಬ್ಬವಾಯಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕುರುಗೋಡನ್ನು ಸೇರಬೇಕು. ಬಯಲಿನ ನಡುವೆ ಗುಡ್ಡಗಳ ಗುಂಪೊಂದು ಎದ್ದು ನಿಂತಿದೆ. ಅದರ ಮಗ್ಗುಲಲ್ಲಿ ಊರು. ಬೈಸಿಕಲ್ಲಿನವರಿಗೆ ಈ ಗುಡ್ಡಗಳು ಬಹಳ ಹೊತ್ತು ದಿಗಂತದಲ್ಲಿಯೇ ನಿಂತಿದ್ದು, ನಿಧಾನವಾಗಿ ಬೆಳೆಯುತ್ತ ಬರುತ್ತವೆ. ಇಲ್ಲಿ ರಾಜಧಾನಿಯನ್ನು ಏಕೆ ಮಾಡಿದರೆಂಬುದಕ್ಕೆ ಬೇರೆ ವಿವರಣೆಯೇ ಬೇಡ. ಮೇಲೆ ನಿಂತ ಕಾವಲಿನವನಿಗೆ ಬಯಲಿನ ಮೇಲೆ ಬರುವ ಸೇನೆಯ ಧೂಳು ಗಂಟೆಗಳ ಮೊದಲೇ ಕಾಣುತ್ತಿದ್ದಿತು.

ಇದು ಸಿಂದರ ರಾಜಧಾನಿ. ನಾಗವಂಶದವರೆಂದು ಹೇಳಿಕೊಳ್ಳುತ್ತಿದ್ದ ಸಿಂದರಲ್ಲಿ ಹಲವು ಶಾಖೆಗಳು. ಕುರುಗೋಡಿನವರು ಬಲ್ಲಕುಂದೆ ನಾಡನ್ನು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿದರು. ಹನ್ನೆರಡನೆಯ ಶತಮಾನದಲ್ಲಿ ರಾಚಮಲ್ಲನೆಂಬ ಹೆಸರು ಇಲ್ಲಿ ಪ್ರಸಿದ್ಧ. ಕಲ್ಯಾಣದಲ್ಲಿ ಸಿಂಹಾಸನವು ಚಾಲುಕ್ಯರಿಂದ ಕಳಚುರಿಗಳಿಗೆ, ಮತ್ತೆ ಚಾಲುಕ್ಯರಿಗೆ ಕೈ ಬದಲಾಯಿಸುತ್ತಿದ್ದ ಆ ದಿನಗಳಲ್ಲಿ ಸಾಮಂತರ ಪಾಡು ಸುಲಭವಾಗಿರಲಿಲ್ಲ. ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳನೂ ಬಂದನು. ಆತನು ಗೆದ್ದ ದುರ್ಗಗಳನ್ನು ಶಾಸನಗಳು ಎಣಿಸುವಾಗ ಎರಂಬರಗೆ, ಗುತ್ತಿಗಳ ಜೊತೆಯಲ್ಲಿ ಕುರುಗೋಡಿನ ಹೆಸರೂ ಬರುತ್ತದೆ. ಮೈಸೂರಿನ ಕಡೆಯ ನಮಗೆ ಹೊಯ್ಸಳರೆಂದರೆ ಬೇಲೂರು, ಹಳೇಬೀಡು. ಆ ಗೆಲವಿನ ಪಟ್ಟಿಯನ್ನು ನಾವು ಅಭಿಮಾನದಿಂದ ಓದುತ್ತೇವೆ. ಕುರುಗೋಡಿನ ಗುಡ್ಡದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದಾಗ ಅದೇ ಪದ ಬೇರೆಯಾಗಿ ಕೇಳಿಸುತ್ತದೆ. ಅತ್ತ ಒಂದು ಬಿರುದಾದುದು ಇತ್ತ ಒಂದು ಊರಿನ ಮುತ್ತಿಗೆ. ಎರಡೂ ಕನ್ನಡದ್ದೇ ಚರಿತ್ರೆ.

ಹೀಗಿದ್ದೂ ಈ ಊರು ನಮ್ಮ ಜನಕ್ಕೆ ಅಪರಿಚಿತವಾಗಿ ಉಳಿದುದೇಕೆ? ಕಾರಣ ಆಡಳಿತದ ಗೆರೆಯೆಂದು ನಮ್ಮ ಅಭಿಪ್ರಾಯ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿತು. ಮೈಸೂರಿನಲ್ಲಿ ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದಾಗ ಗೆರೆಯ ಆಚೆಯ ಕಲ್ಲುಗಳು ಅದರೊಳಗೆ ಬರಲಿಲ್ಲ. ಕುರುಗೋಡಿನ ಎರಡು ಶಾಸನಗಳನ್ನು ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದನು. ಮದರಾಸು ಆಧಿಪತ್ಯದ ಕನ್ನಡ ಶಾಸನಗಳು ಒಟ್ಟಾಗಿ ಬೆಳಕಿಗೆ ಬರಲು 1939ರ ವರೆಗೆ ಕಾಯಬೇಕಾಯಿತು. ಆ ಸಂಪುಟದ ಸಂಪಾದಕರಲ್ಲೊಬ್ಬರು ಅರ್ಥಶಾಸ್ತ್ರದಿಂದ ಖ್ಯಾತರಾದ ನಮ್ಮ ಶಾಮಶಾಸ್ತ್ರಿಗಳೇ ಎಂಬುದು ನೆನೆಯತಕ್ಕ ಸಂಗತಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರನ್ನು ಸೇರಿತು. ಗೆರೆ ಅಳಿಸಿತು. ಗೆರೆಯಿಂದ ಹುಟ್ಟಿದ ಮರೆವು ಅಷ್ಟು ಬೇಗ ಅಳಿಸುವುದಿಲ್ಲ. ಕುರುಗೋಡು ಈಗ ತಾಲ್ಲೂಕಿನ ಕೇಂದ್ರವಾಗಿದೆ. ಶಾಲೆಯ ಮಕ್ಕಳಿಗೆ ರಾಚಮಲ್ಲನ ಹೆಸರು ತಿಳಿದಿರಬೇಕಾದುದು ನ್ಯಾಯ.

ಊರಿನ ದೊಡ್ಡ ಬಸವೇಶ್ವರನ ಗುಡಿಯಲ್ಲಿ ಪೂಜೆಗೊಳ್ಳುವುದು ಏಕಶಿಲೆಯ ನಂದಿ. ಆಳೆತ್ತರವನ್ನು ಮೀರಿ ಕುಳಿತ ಆ ಮೂರ್ತಿಯ ಮುಂದೆ ನಿಂತವನಿಗೆ ಕಪ್ಪಗಲ್ಲಿನ ದನಗಳ ನೆನಪು ಬಾರದಿರದು. ದನದ ಚಿತ್ರ, ದನದ ಹಟ್ಟಿ, ದನವೇ ದೇವರು: ಹೀಗೆ ಒಂದೇ ಎಳೆಯಲ್ಲಿ ಪೋಣಿಸಲು ಮನಸ್ಸು ಹಾತೊರೆಯುತ್ತದೆ. ಆದರೆ ಹಾಗೆ ಮಾಡುವುದು ಸಲ್ಲದು. ಆ ಚಿತ್ರಗಳಿಗೂ ಈ ಗುಡಿಗೂ ನಡುವೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಅಂತರ. ನಂದಿಯು ಶೈವಧರ್ಮದ ತನ್ನದೇ ದಾರಿಯಲ್ಲಿ ಬಂದವನು. ಈ ಬಯಲಿನಲ್ಲಿ ಬದುಕಿದವರು ಯಾವ ಕಾಲದಲ್ಲಿಯೂ ಎತ್ತಿನ ಹಂಗಿಲ್ಲದೆ ಬದುಕಲಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಕುರುಗೋಡಿನಿಂದ ತೆಕ್ಕಲಕೋಟೆಯ ಕಡೆಗೆ ದಾರಿ ಸಮತಟ್ಟು. ತುಂಗಭದ್ರಾ ಕಾಲುವೆಯ ನೀರು ಬಂದಮೇಲೆ ಸಿರುಗುಪ್ಪದ ಸೀಮೆ ಬತ್ತದ ಸೀಮೆಯಾಗಿದೆ. ಹಿಂದೆ ಜೋಳದ ಹೊಲವಿದ್ದೆಡೆ ಈಗ ಕೊಕ್ಕರೆಗಳು. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ನಾಗರಾಜರಾಯರೂ ಮಲ್ಹೋತ್ರಾ ಅವರೂ ಉತ್ಖನನ ನಡೆಸಿದರು. ನವಶಿಲಾಯುಗದವರ ಗೋರಿಗಳು, ಕಲ್ಲಿನ ಕೊಡಲಿಗಳು, ಚಿನ್ನದ ಕಿವಿಯೊಡವೆ ದೊರೆತವು. ಹುರುಳಿಯ ಕಾಳೂ ದೊರೆಯಿತು. ಚಿನ್ನಕ್ಕಿಂತ ಆ ಹುರುಳಿಯೇ ನಮಗೆ ಹೆಚ್ಚು ಆತ್ಮೀಯವೆನಿಸಿತು. ಮಧ್ಯಾಹ್ನದ ಊಟಕ್ಕೆ ಬಡಿಸಿದ್ದು ಹುರುಳಿಯ ಸಾರೇ ಆಗಿದ್ದಿತು.

ನದಿಯ ಕಡೆಗೆ ತಿರುಗಿದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಮಸ್ಕಿಯಲ್ಲಿ ಕಂಡ ಶಾಸನದಿಂದಲೇ, ದೇವಾನಾಂಪ್ರಿಯನೆಂಬವನು ಅಶೋಕನೆಂಬುದು ಸ್ಥಿರಪಟ್ಟಿತು. ನಿಟ್ಟೂರು, ಉಡೇಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಬಂಡೆಗಳ ಮೇಲೂ ಆ ಹೆಸರಿದೆ. ಚಕ್ರವರ್ತಿಯ ಹೆಸರನ್ನು ಹೇಳುವ ಕಲ್ಲುಗಳು ಇಡೀ ಭರತಖಂಡದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ಬಳ್ಳಾರಿಯ ಈ ಸೀಮೆಗೆ ಸೇರಿವೆ. ಇದೇ ಬಗೆಯ ಧರ್ಮಲಿಪಿಯ ಯೆರ್ರಗುಡಿಯ ಪಾಠದಲ್ಲಿ ಒಂದು ಸ್ವಾರಸ್ಯವಿದೆ. ಆಜ್ಞೆಯನ್ನು ಜನಪದಕ್ಕೆ ಭೇರಿ ಹೊಡೆಸಿ ತಿಳಿಸಬೇಕೆಂದು ಅಧಿಕಾರಿಗೆ ಅಪ್ಪಣೆಯಾಗಿದೆ. ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಕಲ್ಲಿನ ಮಾತನ್ನು ಹಳ್ಳಿಹಳ್ಳಿಗೆ ಕೊಂಡೊಯ್ಯಲು ಧ್ವನಿಯೇ ಬೇಕಾಯಿತು. ಬಾನುಲಿಯ ಶ್ರೋತೃಗಳಿಗೆ ಇದು ರುಚಿಸೀತು.

ನಿಟ್ಟೂರಿನಿಂದ ಸಿರುಗುಪ್ಪಕ್ಕೆ ಹೊರಡುವವರು ಹೊತ್ತು ಇಳಿಯುವ ಮೊದಲೇ ಹೆದ್ದಾರಿಯನ್ನು ಸೇರಿಕೊಳ್ಳುವುದು ಲೇಸು. ಬತ್ತದ ಲಾರಿಗಳ ಓಡಾಟ ಅಲ್ಲಿ ಹೆಚ್ಚು. ಹಿಂದಿನ ದೀಪವಿಲ್ಲದ ಬೈಸಿಕಲ್ಲು ಅವರಿಗೆ ಕಾಣದು. ನಾವು ಸಿರುಗುಪ್ಪದಲ್ಲಿ ರಾತ್ರಿಯನ್ನು ಕಳೆದು, ಬೈಸಿಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿ, ಬೆಳಗಿನ ಮೊದಲ ಗಾಡಿಯಲ್ಲಿ ಬಳ್ಳಾರಿಗೆ ಮರಳಿದೆವು.