ರೇಡಿಯೇಟರಿನ ಕಥೆ

ನಮ್ಮ ಕಡೆ ಧನುರ್ಮಾಸದ ಚಳಿಗೆ ಒಂದು ಕಂಬಳಿಯೂ ಬಚ್ಚಲೊಲೆಯ ಕಾವೂ ಸಾಕು. ನೀರು ಹೆಪ್ಪುಗಟ್ಟುವ ಶೀತದೇಶಗಳಲ್ಲಿ ಹಾಗಲ್ಲ. ಅಲ್ಲಿ ಮನೆ ಬೆಚ್ಚಗಿರುವುದು ಪ್ರಾಣದ ಪ್ರಶ್ನೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದ: “ಮೇಷ್ಟ್ರೇ, ನನ್ನ ಕೋಣೆಯ ಕಿಟಕಿಯ ಕೆಳಗೆ ಪಕ್ಕೆಲುಬುಗಳಂತೆ ಜೋಡಿಸಿದ ಕಬ್ಬಿಣದ ರೇಡಿಯೇಟರ್ ಇದೆ. ನಡುರಾತ್ರಿ ಒಳಗೆ ಕಮ್ಮಾರ ಕುಳಿತು ಬಡಿದಂತೆ ಸದ್ದು ಮಾಡುತ್ತದೆ. ಸಿಡಿದೀತೆ?”

ಈ ಭಯಕ್ಕೂ ಈ ಯಂತ್ರಕ್ಕೂ ಒಂದು ಚರಿತ್ರೆಯುಂಟು.

ಬೆಂಕಿಯನ್ನು ಒಂದೆಡೆ ಇಟ್ಟು ಕಾವನ್ನು ಇನ್ನೊಂದೆಡೆಗೆ ಒಯ್ಯುವ ಉಪಾಯ ಹಳೆಯದು. ಪ್ರಾಚೀನ ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಅದರ ಅಡಿಯಲ್ಲಿ ಒಲೆಯ ಬಿಸಿಗಾಳಿಯನ್ನು ಹರಿಸುತ್ತಿದ್ದರು. ಗಾಳಿಯ ಬದಲು ನೀರನ್ನೂ ಆವಿಯನ್ನೂ ದುಡಿಸಿಕೊಂಡದ್ದು ಬಹುಕಾಲದ ಮೇಲೆ. 1716ರಲ್ಲಿ ಸ್ವೀಡನ್ನಿನ ಮಾರ್ಟೆನ್ ಟ್ರೀವಾಲ್ಡ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗಿಡಗಳ ಗಾಜಿನ ಮನೆಯೊಂದನ್ನು ಬಿಸಿನೀರಿನ ಕೊಳವೆಗಳಿಂದ ಬೆಚ್ಚಗಿಟ್ಟನು. 1784ರಲ್ಲಿ ಜೇಮ್ಸ್ ವ್ಯಾಟ್ ತನ್ನ ಕೋಣೆಗೆ ಆವಿಯ ಕಾವನ್ನು ಒದಗಿಸಿಕೊಂಡನು. 1850ರ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ರಾಂಜ್ ಸಾನ್ ಗಾಲಿಯೂ ಅಮೆರಿಕದಲ್ಲಿ ಸ್ಟೀಫನ್ ಗೋಲ್ಡನೂ ರೇಡಿಯೇಟರುಗಳನ್ನು ರೂಪಿಸಿದರು. ಮುಂದೆ ಎರಕದ ಕಬ್ಬಿಣ ಅಗ್ಗವಾಗಲು, ಇವು ಸಾಮಾನ್ಯರ ಮನೆಗಳನ್ನೂ ಸೇರಿದವು.

ಕಾವು ಕೋಣೆಗೆ ಬಂತು. ಬೆಂಕಿ ಕಣ್ಣಿಗೆ ಮರೆಯಾಗಿ ನೆಲಮಾಳಿಗೆಯ ಬಾಯ್ಲರಿಗೆ ಇಳಿಯಿತು. ಕಣ್ಮರೆಯಾದುದನ್ನು ಅಲಕ್ಷಿಸುವುದು ಮನುಷ್ಯಸ್ವಭಾವವಷ್ಟೆ. ಬಾಸ್ಟನ್ನಿಗೆ ಸಮೀಪದ ಬ್ರಾಕ್‌ಟನ್ ಊರಿನ ಗ್ರೋವರ್ ಪಾದರಕ್ಷೆ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರ ಬೆಳಿಗ್ಗೆ ಹಳೆಯ ಬಾಯ್ಲರೊಂದು ಸಿಡಿಯಿತು. 58 ಮಂದಿ ಸತ್ತರು. ಆ ಬಳಿಕ 1907ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬಾಯ್ಲರುಗಳಿಗೆ ಕಟ್ಟುನಿಟ್ಟಿನ ಶಾಸನ ತಂದಿತು. ಇಂದಿನ ನಿಶ್ಚಿಂತೆಯ ಹಿಂದೆ ಆ ಸಾವುಗಳ ಪಾಠವಿದೆ.

ಆದ್ದರಿಂದ ಮೊದಲು ತನ್ನ ಮನೆಯದು ಯಾವ ಜಾತಿಯದೆಂದು ಗುರುತಿಸಬೇಕು. ರೇಡಿಯೇಟರಿಗೆ ಒಂದೇ ಕೊಳವೆಯಿದ್ದು, ಪಕ್ಕದಲ್ಲಿ ಬುಸುಗುಟ್ಟುವ ಪುಟ್ಟ ಗಾಳಿಗಂಡಿಯಿದ್ದರೆ ಅದು ಸಾಮಾನ್ಯವಾಗಿ ಆವಿಯದು. ಆವಿ ಬಂದ ದಾರಿಯಲ್ಲೇ, ತಣಿದು ನೀರಾಗಿ, ಹಿಂದಿರುಗಬೇಕು. ರೇಡಿಯೇಟರ್ ಕೊಳವೆಯ ಕಡೆಗೆ ಕೊಂಚ ಇಳಿಜಾರಾಗಿರದಿದ್ದರೆ ನೀರು ತಂಗುತ್ತದೆ. ಹೊಸ ಆವಿ ಅದಕ್ಕೆ ಅಪ್ಪಳಿಸುತ್ತದೆ. ಕಮ್ಮಾರನ ಸುತ್ತಿಗೆ ಅದೇ! ಅದರ ತಿರುಪನ್ನು ಪೂರ್ತಿ ತೆರೆಯಬೇಕು, ಇಲ್ಲವೆ ಪೂರ್ತಿ ಮುಚ್ಚಬೇಕು. ಅರೆತೆರೆದರೆ ಇದೇ ಪಾಡು.

ಎರಡು ಕೊಳವೆಗಳಿದ್ದು, ಮೇಲ್ತುದಿಯಲ್ಲಿ ಕೀಲಿಯಿಂದ ತಿರುಗಿಸುವ ಸಣ್ಣ ತಿರುಪಿದ್ದರೆ ಅದು ಬಿಸಿನೀರಿನದು. ಕೆಳಗೆ ಬಿಸಿ, ಮೇಲೆ ತಣ್ಣಗೆ ಎಂದಾದರೆ ಒಳಗೆ ಗಾಳಿ ಸೇರಿದೆಯೆಂದು ತಿಳಿಯಬೇಕು. ಕಾವು ನಿಲ್ಲಿಸಿ, ತಣಿದ ಮೇಲೆ ತಿರುಪನ್ನು ಮೆಲ್ಲನೆ ಸಡಿಲಿಸಿ, ಗಾಳಿ ಹೋಗಿ ನೀರು ಜಿನುಗಿದೊಡನೆ ಬಿಗಿಯಬೇಕು.

ಆವಿಯ ಬಾಯ್ಲರಿನ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟವನ್ನು ಆಗಾಗ್ಗೆ ನೋಡಬೇಕು. ನೀರು ಕಾಣದಿದ್ದರೆ ಬೆಂಕಿಯನ್ನು ಆರಿಸಿ, ಬಲ್ಲವರನ್ನು ಕರೆಯಬೇಕು. ಕಾದ ಬರಿದಾದ ಬಾಯ್ಲರಿಗೆ ತಣ್ಣೀರು ಹೊಯ್ಯುವುದು ಅಪಾಯಕರ.

ಇಷ್ಟನ್ನೂ ಹುಡುಗನಿಗೆ ಬರೆದೆ. ಮನೆಯ ಯಜಮಾನನ ಒಪ್ಪಿಗೆ ಪಡೆದು, ಕೊಳವೆಯಿಲ್ಲದ ಕಡೆಯ ಕಾಲುಗಳಡಿ ತೆಳ್ಳನೆಯ ಮರದ ಬಿಲ್ಲೆಗಳನ್ನಿಟ್ಟನಂತೆ. “ಕಮ್ಮಾರ ಊರು ಬಿಟ್ಟ, ಮೇಷ್ಟ್ರೇ,” ಎಂದು ಉತ್ತರ ಬಂತು. ಬಾಯ್ಲರಿನ ನೀರಿನ ಮಟ್ಟವನ್ನು ಯಜಮಾನ ತಪ್ಪದೆ ನೋಡುತ್ತಾನೆಯೇ ಎಂದು ಕೇಳಿ ಮತ್ತೊಂದು ಕಾಗದ ಬರೆದಿದ್ದೇನೆ.