ಅಂಬಾಸಿಡರ್ ಕಾರಿನ ಹಿಂಬದಿ ಸಸ್ಪೆನ್ಷನ್: ದೋಷಪತ್ತೆ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ ರೂಪುಗೊಂಡು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೆ ಮುಂದೊಂದು ಬಗೆ, ಹಿಂದೊಂದು ಬಗೆ ಸಸ್ಪೆನ್ಷನ್. ಮುಂದಿನ ಭಾರವನ್ನು ಟಾರ್ಶನ್ ಬಾರ್ ಎಂಬ ತಿರುಚು ಸರಳುಗಳು ಹೊರುತ್ತವೆ. ಹಿಂದಿರುವುದು ಇಡಿಯಾದ ಆಕ್ಸಲ್, ಅದರ ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಗ್ಯಾರೇಜಿನಲ್ಲಿ ಇದಕ್ಕೆ ಬ್ಲೇಡ್ ಸೆಟ್ ಎನ್ನುತ್ತಾರೆ. ಪ್ರೀಮಿಯರ್ ಪದ್ಮಿನಿಯ ಹಿಂಭಾಗವೂ ಇದೇ ಜಾತಿಯದು, ಹಾಗಾಗಿ ಮುಂದೆ ಹೇಳುವುದು ಬಹುಪಾಲು ಅದಕ್ಕೂ ಹೊಂದುತ್ತದೆ.

ಬ್ಲೇಡ್ ಇರುವುದು ಭಾರ ಹೊರಲಿಕ್ಕೆ ಮಾತ್ರ ಎಂದುಕೊಂಡರೆ ದೋಷಪತ್ತೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ, ಗಾಡಿಯನ್ನು ಮುಂದೂಡುವ ಬಲವನ್ನು ಬಾಡಿಗೆ ದಾಟಿಸುವುದೂ ಅದೇ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಲುಕಾಟವನ್ನೂ ಅದು ಒಂದಷ್ಟು ತಡೆಯುತ್ತದೆ. ಆದ್ದರಿಂದ ಒಂದೇ ಬ್ಲೇಡ್ ಮುರಿದರೂ ತೊಂದರೆ ಸ್ಟೀರಿಂಗಿನಲ್ಲೋ ಟೈರಿನಲ್ಲೋ ಕಾಣಿಸಿಕೊಳ್ಳಬಹುದು. ಹಿಂದಿನಿಂದ ಸದ್ದು ಬಂತೆಂದು ಕೇಳಿದ ಕೂಡಲೇ ಶಾಕ್ ಅಬ್ಸಾರ್ಬರ್ ಬದಲಿಸುವವರೇ ಹೆಚ್ಚು. ಅದು ಸುಲಭದ ಕೆಲಸ, ಆದರೆ ಹಲವು ಸಲ ತಪ್ಪು ಕೆಲಸ.

ಕಾರಿನಡಿ ನುಸುಳುವ ಮೊದಲು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಬೇಕು. ಸಡಿಲವಾಗಿ ಬಿದ್ದಿರುವ ಜಾಕ್, ಸರಿಯಾಗಿ ಕಟ್ಟದ ಸ್ಟೆಪ್ನಿ, ಆಕ್ಸಲಿಗೆ ತಾಗುವ ಸೈಲೆನ್ಸರ್ ಕೊಳವೆ, ಇವು ಮೂರೂ ಸಸ್ಪೆನ್ಷನ್ ಸದ್ದನ್ನೇ ಹೊರಡಿಸುತ್ತವೆ. ನಗೆಪಾಟಲೆನಿಸಿದರೂ ಇದನ್ನು ಬಿಡಬಾರದು. ಸದ್ದಿನ ಬಗೆಯನ್ನೂ ಗಮನಿಸಬೇಕು. ನುಣ್ಣನೆಯ ರಸ್ತೆಯಲ್ಲೂ ಬಂದು, ವೇಗದೊಂದಿಗೆ ಏರಿಳಿಯುವ ಗುಂಯ್‌ಗುಡುವಿಕೆ ಸಾಮಾನ್ಯವಾಗಿ ಚಕ್ರದ ಬೇರಿಂಗ್ ಅಥವಾ ಡಿಫರೆನ್ಷಿಯಲ್‌ನದು. ಗುಂಡಿಗೆ ಇಳಿದಾಗ ಮಾತ್ರ ಕೇಳುವ ಟಕ್ ಸದ್ದು ಬ್ಲೇಡ್ ಸೆಟ್ಟಿನ ತುದಿಯ ರಬ್ಬರ್ ಬುಷ್, ಆ ತುದಿಯನ್ನು ಬಾಡಿಗೆ ಜೋಡಿಸುವ ಶ್ಯಾಕಲ್ ಅಥವಾ ಶಾಕ್ ಅಬ್ಸಾರ್ಬರಿನ ಕೀಲಿನದು. ರಿವರ್ಸಿನಿಂದ ಮುಂದಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಒಂದೇ ಪೆಟ್ಟು ಕೇಳಿದರೆ ಸವೆದ ಬುಷ್ ಅಥವಾ ಬ್ಲೇಡ್ ಸೆಟ್ಟನ್ನು ಆಕ್ಸಲಿಗೆ ಬಿಗಿದಿಡುವ, ಈಗ ಸಡಿಲಗೊಂಡ ಯೂ ಬೋಲ್ಟನ್ನು ಸಂಶಯಿಸಬೇಕು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದ್ದರೂ ಇದೇ ಪೆಟ್ಟು ಕೇಳುವುದರಿಂದ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡುವುದು ಲೇಸು.

ಕಾರು ಒಂದು ಬದಿಗೆ ವಾಲಿದ್ದರೆ ಅಳತೆಪಟ್ಟಿ ಬೇಕು, ಕಣ್ಣಳತೆ ಸಾಲದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರುಗಳ ಗಾಳಿ ಸರಿಮಾಡಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಬೇಕು. ಇಲ್ಲೊಂದು ಮೋಸವಿದೆ. ಮುಂದಿನ ಎಡ ಟಾರ್ಶನ್ ಬಾರ್ ಸೋತಿದ್ದರೆ ಇಡೀ ಬಾಡಿ ಎಡಕ್ಕೆ ವಾಲಿ, ಹಿಂದಿನ ಎಡ ಬ್ಲೇಡೇ ಕುಸಿದಂತೆ ತೋರುತ್ತದೆ. ಇದನ್ನು ಬಿಡಿಸಿಕೊಳ್ಳಲು ಮುಂಭಾಗದ ಅಡ್ಡತೊಲೆಗೆ ನಟ್ಟನಡುವೆ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ತುಸು ಎತ್ತಬೇಕು. ಆಗಲೂ ಹಿಂಭಾಗ ವಾಲಿಯೇ ಇದ್ದರೆ ತಪ್ಪು ಹಿಂದಿನದು, ನೆಟ್ಟಗಾದರೆ ಮುಂದಿನದು. ಈ ಪರೀಕ್ಷೆ ನಡೆಯುವಾಗ ಯಾರೂ ಕಾರಿನಡಿ ಇರಕೂಡದು.

ಬ್ಲೇಡ್ ಹೆಚ್ಚಾಗಿ ಮುರಿಯುವುದು ಪಟ್ಟಿಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಬಳಿ, ಇಲ್ಲವೇ ತುದಿಯ ಸುರುಳಿಯ ಹತ್ತಿರ. ತೂತಿದ್ದಲ್ಲಿ ಉಕ್ಕು ಕಡಿಮೆ, ಒತ್ತಡ ಹೆಚ್ಚು. ಆ ಜಾಗವನ್ನು ಯೂ ಬೋಲ್ಟಿನ ತಟ್ಟೆ ಮುಚ್ಚಿರುವುದರಿಂದ ಬಿರುಕು ಸುಲಭಕ್ಕೆ ಕಾಣದು. ಮಣ್ಣು ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಟಾರ್ಚ್ ಬಿಟ್ಟು ನೋಡಬೇಕು. ಪಟ್ಟಿಗಳ ನಡುವಿನಿಂದ ಕೆಂಪು ತುಕ್ಕು ಒಂದೇ ಗೆರೆಯಾಗಿ ಇಳಿದಿದ್ದರೆ ಅಲ್ಲಿ ಹಳೆಯ ಬಿರುಕು ಇರಬಹುದು.

ಯೂ ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ತುಂಡಾದರೆ ಆಗುವುದು ಇದಕ್ಕಿಂತ ಅಪಾಯಕಾರಿ. ಆ ಬದಿಯ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಕಾರು ಏಡಿಯಂತೆ ಓರೆಯಾಗಿ ಓಡುತ್ತದೆ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಸೊಟ್ಟಗಿರುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಇದು ಹೋಗುವುದಿಲ್ಲ. ಮುಂದಿನ ಚಕ್ರಗಳನ್ನು ನೇರವಿಟ್ಟು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರವನ್ನು ಎರಡೂ ಬದಿಯಲ್ಲಿ ಅಳೆದು ಹೋಲಿಸಿದರೆ ಗುಟ್ಟು ಹೊರಬೀಳುತ್ತದೆ. ಟೈರು ಒದ್ದೆಯಿರುವಾಗ ಒಣ ಸಿಮೆಂಟ್ ನೆಲದ ಮೇಲೆ ನೇರ ಓಡಿಸಿ ಗುರುತು ನೋಡುವುದೂ ಉಂಟು.

ಮೂಲೆಯನ್ನು ಒತ್ತಿ ಬಿಡುವ ಹಳೆಯ ಪರೀಕ್ಷೆ ಪೂರ್ತಿ ಕೆಟ್ಟ ಶಾಕ್ ಅಬ್ಸಾರ್ಬರನ್ನು ಮಾತ್ರ ಹಿಡಿದುಕೊಡುತ್ತದೆ. ತುಕ್ಕು ಹಿಡಿದು ಬಿಗಿದ ಬ್ಲೇಡ್ ಸೆಟ್ ಕೆಟ್ಟದ್ದನ್ನೂ ಮುಚ್ಚಿಹಾಕುತ್ತದೆ. ಕೆಟ್ಟ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಓಡಿಸಿ ಎರಡೂ ಬದಿಯ ಶಾಕ್ ಅಬ್ಸಾರ್ಬರುಗಳನ್ನು ಮುಟ್ಟಿ ನೋಡುವುದು ಮೇಲು: ಕುಲುಕಾಟವನ್ನು ಶಾಖವಾಗಿಸುವುದೇ ಅವುಗಳ ಕೆಲಸವಾದ್ದರಿಂದ, ಒಂದು ಬೆಚ್ಚಗಾಗಿ ಇನ್ನೊಂದು ತಣ್ಣಗೇ ಇದ್ದರೆ ತಣ್ಣಗಿರುವುದು ಸುಮ್ಮನೆ ನೇತಾಡುತ್ತಿದೆ. ಕೊಳವೆಯಾಕಾರದ್ದಾದರೆ ಕೆಳತುದಿ ಬಿಚ್ಚಿ ಕೈಯಿಂದ ಎಳೆದು ತಳ್ಳಬಹುದು. ಎಲ್ಲೂ ಸಡಿಲ ಸಿಗಬಾರದು. ಟೈರಿನ ಮೇಲೆ ಅಲ್ಲಲ್ಲಿ ಬಟ್ಟಲಿನಂತೆ ಸವೆದ ಗುರುತೂ ಇದೇ ರೋಗದ ಲಕ್ಷಣ.

ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿಯಿಲ್ಲ. ಬ್ಲೇಡ್ ಸೆಟ್ಟಿನ ತುದಿಗಳು ಬಾಡಿಯ ತಗಡಿಗೇ ಜೋಡಣೆಯಾಗುವುದರಿಂದ ಆ ಜಾಗ ತುಕ್ಕು ತಿಂದಿದ್ದರೆ ಮೇಲಿನ ರಿಪೇರಿಗಳೆಲ್ಲ ವ್ಯರ್ಥ. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ತಗಡು ಕುಸಿದರೆ ಮೊದಲು ವೆಲ್ಡಿಂಗ್.

ಕುಸಿದ ಬ್ಲೇಡಿಗೆ ಬಡಿದು ಮತ್ತೆ ಬಾಗು ಕೊಡಿಸುವುದು ರೂಢಿಯಲ್ಲಿದೆಯಾದರೂ ಅದು ಹೆಚ್ಚು ಕಾಲ ನಿಲ್ಲದು. ಒಂದು ಬ್ಲೇಡ್ ಹೆಚ್ಚಿಗೆ ಸೇರಿಸಿದರೆ ಕಾರು ಎತ್ತರವಾಗುತ್ತದೆ, ಜೊತೆಗೆ ಒರಟೂ ಆಗುತ್ತದೆ. ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಸುತ್ತು ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ. ಜಾಕಿನ ಮೇಲೆ ಬಿಗಿದ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.