ಅಂಚೆ ಖರ್ಚಿಗೂ ತೆರಿಗೆ

ಆಸ್ಟ್ರೇಲಿಯಾದಲ್ಲಿ ಶೇ 10ರ ಜಿಎಸ್‌ಟಿ ಬಂದದ್ದು 2000ದ ಜುಲೈ 1ರಂದು. ಆನ್‌ಲೈನ್ ಖರೀದಿ ಜೋರಾದ ಕಾಲಕ್ಕೆ, ಹೊರದೇಶದಿಂದ ಬರುವ ಸಾವಿರ ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಮಾತ್ರ ಆ ತೆರಿಗೆ ಇರಲಿಲ್ಲ. ನಾವು ಕಟ್ಟಬೇಕು, ಅವರು ಕಟ್ಟಬೇಕಿಲ್ಲ, ಇದ್ಯಾವ ನ್ಯಾಯ ಅಂತ ಅಲ್ಲಿನ ಅಂಗಡಿಯವರು ಗಲಾಟೆ ಎಬ್ಬಿಸಿದರು. ಸರಿಯಾದ ಪ್ರಶ್ನೆಯೇ. ಆದರೆ ಒಂದೊಂದೇ ಪೊಟ್ಟಣ ತಡೆದು ವಸೂಲಿ ಮಾಡಿದರೆ ಬರೋ ತೆರಿಗೆಗಿಂತ ಖರ್ಚೇ ಜಾಸ್ತಿ ಅಂತ 2011ರಲ್ಲಿ ಅಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ ಲೆಕ್ಕ ಹಾಕಿತು.

ಕೊನೆಗೆ 2018ರ ಜುಲೈ 1ರಿಂದ ವಸೂಲಿ ಕೆಲಸ ಮಾರುವವರ ಚೆಕ್‌ಔಟ್ ಪುಟಕ್ಕೆ, ಅಂದರೆ ನಮ್ಮಂಥ ಕೋಡ್ ಬರೆಯೋರ ತಲೆಗೆ ಬಿತ್ತು. ಅಮೆಜಾನ್ ಮುನಿಸಿಕೊಂಡು ತನ್ನ ಅಮೆರಿಕದ ಸೈಟಿನಿಂದ ಆಸ್ಟ್ರೇಲಿಯಾಕ್ಕೆ ಸಾಮಾನು ಕಳಿಸೋದನ್ನೇ ನಿಲ್ಲಿಸಿ, ನವೆಂಬರ್‌ನಲ್ಲಿ ವಾಪಸ್ ಬಂತು.

ನನಗೆ ವಿಚಿತ್ರ ಅನಿಸೋದು ಅಂಚೆ ಖರ್ಚಿನ ಲೆಕ್ಕ. ವಸ್ತು ಸಾವಿರ ಡಾಲರ್ ಒಳಗಿದೆಯೇ ಅಂತ ನೋಡುವಾಗ ಸಾಗಣೆ, ವಿಮೆ ಸೇರಿಸೋ ಹಾಗಿಲ್ಲ. ತೆರಿಗೆ ಹಾಕುವಾಗ ಮಾತ್ರ ಸೇರಿಸಬೇಕು! 40 ಡಾಲರಿನ ಪುಸ್ತಕಕ್ಕೆ 30 ಡಾಲರ್ ಅಂಚೆ ಖರ್ಚಾದರೆ ತೆರಿಗೆ 7 ಡಾಲರ್. ಅದರಲ್ಲಿ 3 ಡಾಲರ್ ಬರೀ ಅಂಚೆಯದ್ದು. ದೂರದಲ್ಲಿರೋದಕ್ಕೇ ದಂಡ ಕಟ್ಟಿದ ಹಾಗೆ.

ಬಸವನಗುಡಿಯ ಪುಟ್ಟ ಪುಸ್ತಕದಂಗಡಿಯಿಂದ ಮೆಲ್ಬರ್ನಿನ ಕನ್ನಡಿಗರೊಬ್ಬರು ನೇರವಾಗಿ ಕಾದಂಬರಿ ತರಿಸಿಕೊಂಡರೆ? ಆಸ್ಟ್ರೇಲಿಯಾಕ್ಕೆ ವರ್ಷಕ್ಕೆ 75,000 ಡಾಲರ್ ವ್ಯಾಪಾರ ಇಲ್ಲದವರು ನೋಂದಣಿಯನ್ನೇ ಮಾಡಿಸಬೇಕಿಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ಅದೇ ಅಂಗಡಿಯ ಅದೇ ಪುಸ್ತಕ ದೊಡ್ಡ ಜಾಲತಾಣವೊಂದರ ಮೂಲಕ ಹೋದರೆ ಕಾನೂನಿನ ಕಣ್ಣಿಗೆ ಆ ಜಾಲತಾಣವೇ ಮಾರಾಟಗಾರ. ಆಗ ಅಂಚೆಯ ಮೇಲೂ ಶೇ 10.